ಮನೆಯ ಪಾಲಿನಿಂದ ಹುಟ್ಟಿದ ಗಣಿತ

ಹಿಜ್ರಿ 3ನೇ ವರ್ಷ. ಉಹುದ್ ಯುದ್ಧ ಮುಗಿದು ಮದೀನಾದ ಹಲವು ಮನೆಗಳಲ್ಲಿ ದುಃಖ ಆವರಿಸಿದ್ದ ದಿನಗಳು. ಅಂದು ಹುತಾತ್ಮರಾದವರಲ್ಲಿ ಸಅದ್ ಬಿನ್ ರಬೀಅ್(ರ) ಎಂಬ ಅನ್ಸಾರಿ ಸಹಾಬಿಯೂ ಒಬ್ಬರು. ಮಕ್ಕಾದಿಂದ ಬರಿಗೈಯಲ್ಲಿ ಬಂದ ಅಬ್ದುರ್‍ರಹ್ಮಾನ್ ಬಿನ್ ಔಫ್(ರ)ರಿಗೆ ತನ್ನ ಸಂಪತ್ತಿನಲ್ಲಿ ಅರ್ಧವನ್ನೇ ಕೊಡಲು ಮುಂದಾಗಿದ್ದ ಉದಾರಿ ಇವರೇ. ಅಂಥವರು ತೀರಿಕೊಂಡ ಮೇಲೆ ಅವರ ಮನೆಯಲ್ಲಿ ಏನಾಯಿತು? ಅವರ ಸಹೋದರ ಬಂದು ಇದ್ದ ಸೊತ್ತನ್ನೆಲ್ಲ ತನ್ನ ವಶಕ್ಕೆ ತೆಗೆದುಕೊಂಡ. ಅಂದಿನ ಅರಬರ ಪದ್ಧತಿಯೇ ಹಾಗಿತ್ತು. ಕತ್ತಿ ಹಿಡಿದು ಹೋರಾಡುವ ಗಂಡಸಿಗೆ ಸೊತ್ತು. ವಿಧವೆಗೂ ಹೆಣ್ಣು ಮಕ್ಕಳಿಗೂ ಏನೂ ಇಲ್ಲ.

ಆ ವಿಧವೆ ಸುಮ್ಮನೆ ಕೂರಲಿಲ್ಲ. ತನ್ನ ಇಬ್ಬರು ಹೆಣ್ಣು ಮಕ್ಕಳನ್ನು ಕರೆದುಕೊಂಡು ನೇರವಾಗಿ ಪ್ರವಾದಿ(ಸ)ರ ಬಳಿಗೆ ಬಂದರು. ಇವರ ತಂದೆ ನಿಮ್ಮೊಂದಿಗೆ ಉಹುದ್‌ನಲ್ಲಿ ಹುತಾತ್ಮರಾದರು, ಚಿಕ್ಕಪ್ಪ ಎಲ್ಲವನ್ನೂ ತೆಗೆದುಕೊಂಡಿದ್ದಾನೆ, ಕೈಯಲ್ಲಿ ಏನೂ ಇಲ್ಲದಿದ್ದರೆ ಇವರ ಮದುವೆ ಆಗುವುದು ಹೇಗೆ ಎಂದು ಕೇಳಿದರು. ಈ ವಿಷಯದಲ್ಲಿ ಅಲ್ಲಾಹನೇ ತೀರ್ಪು ಕೊಡುವನೆಂದು ಪ್ರವಾದಿ(ಸ) ತಿಳಿಸಿದರು. ಬಳಿಕ ಅನ್ನಿಸಾ ಅಧ್ಯಾಯದ ವಾರಸು ಹಕ್ಕಿನ ಸೂಕ್ತ ಅವತೀರ್ಣವಾಯಿತು. ಪ್ರವಾದಿ(ಸ) ಆ ಚಿಕ್ಕಪ್ಪನನ್ನು ಕರೆಸಿ, ಹೆಣ್ಣು ಮಕ್ಕಳಿಬ್ಬರಿಗೆ ಮೂರರಲ್ಲಿ ಎರಡು ಪಾಲು, ಅವರ ತಾಯಿಗೆ ಎಂಟರಲ್ಲಿ ಒಂದು ಪಾಲು ಕೊಡು, ಉಳಿದದ್ದು ನಿನಗೆ ಎಂದು ಆಜ್ಞಾಪಿಸಿದರು. ತಿರ್ಮಿದಿ ಮತ್ತು ಅಬೂದಾವೂದ್ ಹದೀಸ್ ಸಂಗ್ರಹಗಳಲ್ಲಿ ಈ ಘಟನೆ ಇದೆ.

ನಾವು ಈ ಘಟನೆಯನ್ನು ಸ್ತ್ರೀಯರ ಹಕ್ಕಿನ ಬಗ್ಗೆ ಮಾತನಾಡುವಾಗ ಕೇಳಿರುತ್ತೇವೆ. ಇಂದು ಅದರೊಳಗಿರುವ ಲೆಕ್ಕವನ್ನೂ ಸ್ವಲ್ಪ ನೋಡೋಣ. ಮೂರರಲ್ಲಿ ಎರಡು ಮತ್ತು ಎಂಟರಲ್ಲಿ ಒಂದು. ಇವನ್ನು ಕೂಡಿಸಬೇಕಾದರೆ ಸೊತ್ತನ್ನು 24 ಭಾಗ ಮಾಡಬೇಕು. ಅದರಲ್ಲಿ 16 ಭಾಗ ಹೆಣ್ಣು ಮಕ್ಕಳಿಗೆ, 3 ಭಾಗ ತಾಯಿಗೆ, ಉಳಿದ 5 ಭಾಗ ಚಿಕ್ಕಪ್ಪನಿಗೆ. ಎಲ್ಲವೂ ತನ್ನದೆಂದು ಹೊತ್ತುಕೊಂಡು ಹೋದವನ ಕೈಯಲ್ಲಿ ಕೊನೆಗೆ ಉಳಿದದ್ದು 24ರಲ್ಲಿ 5. ಆ ಮನೆಯ ನ್ಯಾಯ ಭಿನ್ನರಾಶಿಯ ರೂಪದಲ್ಲಿ ಬಂತು. ಅಂದಿನಿಂದ ಲೆಕ್ಕ ಬಲ್ಲವರ ಅಗತ್ಯ ಮುಸ್ಲಿಮ್ ಸಮಾಜಕ್ಕೆ ಬಿತ್ತು.

ಮಿಂಬರ್ ಮೇಲೆ ಕೇಳಿದ ಪ್ರಶ್ನೆ

ಉಮರ್(ರ)ರವರ ಖಿಲಾಫತ್ ಕಾಲದಲ್ಲಿ ಒಂದು ತೊಡಕು ಎದುರಾಯಿತು. ಒಬ್ಬ ಮಹಿಳೆ ತೀರಿಕೊಂಡರು. ಉಳಿದವರು ಗಂಡ ಮತ್ತು ಇಬ್ಬರು ಸಹೋದರಿಯರು. ಗಂಡನಿಗೆ ಅರ್ಧ, ಸಹೋದರಿಯರಿಗೆ ಮೂರರಲ್ಲಿ ಎರಡು. ಸೊತ್ತನ್ನು ಆರು ಭಾಗ ಮಾಡಿದರೆ ಗಂಡನಿಗೆ 3, ಸಹೋದರಿಯರಿಗೆ 4, ಒಟ್ಟು 7. ಇರುವುದು ಆರು, ಕೊಡಬೇಕಾದದ್ದು ಏಳು! ಯಾರ ಪಾಲನ್ನು ಕತ್ತರಿಸುವುದು? ಖಲೀಫರು ಸಹಾಬಿಗಳೊಂದಿಗೆ ಸಮಾಲೋಚಿಸಿದರು. ಸತ್ತವನ ಸಾಲ ಅವನ ಸೊತ್ತಿಗಿಂತ ಹೆಚ್ಚಾದಾಗ ಎಲ್ಲ ಸಾಲಗಾರರಿಗೂ ಅವರವರ ಪ್ರಮಾಣದಲ್ಲಿ ಹಂಚುವಂತೆ, ಇಲ್ಲಿಯೂ ಸೊತ್ತನ್ನು ಏಳು ಭಾಗ ಮಾಡಿ, ಗಂಡನಿಗೆ ಮೂರು, ಸಹೋದರಿಯರಿಗೆ ನಾಲ್ಕು ಕೊಡಲು ತೀರ್ಮಾನವಾಯಿತು. ಕೊರತೆಯನ್ನು ಒಬ್ಬರ ಮೇಲೆ ಹೊರಿಸದೆ ಎಲ್ಲರೂ ಸಮ ಪ್ರಮಾಣದಲ್ಲಿ ಹೊರುವ ಈ ವಿಧಾನವನ್ನು ಫಿಕ್‌ಹ್‌ನಲ್ಲಿ 'ಔಲ್' ಎನ್ನುತ್ತಾರೆ.

ಅಲೀ(ರ)ರವರು ಒಮ್ಮೆ ಮಿಂಬರ್ ಮೇಲೆ ನಿಂತು ಖುತ್ಬಾ ನೀಡುತ್ತಿದ್ದಾಗ ಒಬ್ಬ ಎದ್ದು ನಿಂತು ಕೇಳಿದನಂತೆ: ಹೆಂಡತಿ, ಇಬ್ಬರು ಹೆಣ್ಣು ಮಕ್ಕಳು, ತಂದೆ, ತಾಯಿ ಇದ್ದರೆ ಹೆಂಡತಿಗೆ ಎಷ್ಟು? ಇಲ್ಲಿಯೂ 24 ಭಾಗವೇ. ಹೆಂಡತಿಗೆ 3, ಹೆಣ್ಣು ಮಕ್ಕಳಿಗೆ 16, ತಂದೆಗೆ 4, ತಾಯಿಗೆ 4. ಕೂಡಿಸಿದರೆ 27. ಅಲೀ(ರ) ಖುತ್ಬಾದ ಓಟವನ್ನು ನಿಲ್ಲಿಸದೆಯೇ ಅವಳ ಎಂಟನೇ ಒಂದು ಪಾಲು ಒಂಬತ್ತನೇ ಒಂದಾಯಿತು ಎಂದು ಉತ್ತರಿಸಿ ಮುಂದುವರಿದರು. 27ರಲ್ಲಿ 3 ಎಂದರೆ 9ರಲ್ಲಿ 1 ತಾನೆ? ಫಿಕ್‌ಹ್ ಗ್ರಂಥಗಳು ಈ ಲೆಕ್ಕವನ್ನು ಇಂದಿಗೂ 'ಮಿಂಬರಿಯ್ಯಾ' ಎಂಬ ಹೆಸರಿನಿಂದಲೇ ಕರೆಯುತ್ತವೆ.

ಖುತ್ಬಾದ ನಡುವೆ ಭಿನ್ನರಾಶಿಯ ಪ್ರಶ್ನೆ ಕೇಳುವ ಶ್ರೋತೃ, ಅದಕ್ಕೆ ನಿಂತಲ್ಲೇ ಉತ್ತರಿಸುವ ಖತೀಬ್! ಆ ಕಾಲದ ಜನರಿಗೆ ದೀನ್ ಒಂದು ಕಡೆ, ಲೆಕ್ಕ ಇನ್ನೊಂದು ಕಡೆ ಇರಲಿಲ್ಲ.

ಬಗ್ದಾದಿನ ಪುಸ್ತಕ

ಇದಾಗಿ ಸುಮಾರು ನೂರೈವತ್ತು ವರ್ಷಗಳ ಬಳಿಕ, ಅಬ್ಬಾಸಿ ಖಲೀಫ ಮಅ್‌ಮೂನ್‌ನ ಆಳ್ವಿಕೆಯಲ್ಲಿ (813-833), ಬಗ್ದಾದಿನ 'ಬೈತುಲ್ ಹಿಕ್ಮಾ'ದಲ್ಲಿ ಮುಹಮ್ಮದ್ ಬಿನ್ ಮೂಸಾ ಅಲ್ ಖ್ವಾರಿಝ್ಮೀ ಎಂಬ ವಿದ್ವಾಂಸರಿದ್ದರು. ಸುಮಾರು 820ರಲ್ಲಿ ಅವರು 'ಜಬ್ರ್ ಮತ್ತು ಮುಕಾಬಲ'ದ ಲೆಕ್ಕದ ಬಗ್ಗೆ ಒಂದು ಸಂಕ್ಷಿಪ್ತ ಗ್ರಂಥ ಬರೆದರು. ಜಗತ್ತಿನ ಶಾಲೆಗಳಲ್ಲಿ ಇಂದು ಕಲಿಸುವ ಅಲ್‌ಜೀಬ್ರಾಕ್ಕೆ ಆ ಹೆಸರು ಬಂದದ್ದು ಇದೇ 'ಅಲ್ ಜಬ್ರ್' ಪದದಿಂದ. ಕನ್ನಡದಲ್ಲಿ ನಾವು ಅದನ್ನು ಬೀಜಗಣಿತ ಎನ್ನುತ್ತೇವೆ.

'ಜಬ್ರ್' ಎಂದರೆ ಮುರಿದದ್ದನ್ನು ಕೂಡಿಸುವುದು, ಕೊರತೆಯನ್ನು ತುಂಬುವುದು. ಅರಬಿಯಲ್ಲಿ ಮುರಿದ ಮೂಳೆಯನ್ನು ಕೂಡಿಸುವುದಕ್ಕೂ ಇದೇ ಪದ. ಒಂದು ಸಣ್ಣ ಉದಾಹರಣೆ ನೋಡಿ. ಹತ್ತರಲ್ಲಿ ಗೊತ್ತಿಲ್ಲದ ಏನೋ ಒಂದು ಕಡಿಮೆಯಾಗಿ ನಾಲ್ಕು ಉಳಿದಿದೆ. ಆ ಗೊತ್ತಿಲ್ಲದ್ದನ್ನು ಖ್ವಾರಿಝ್ಮೀ 'ಶೈಅ್', ಅಂದರೆ 'ವಸ್ತು' ಎಂದು ಕರೆದರು. ಕೊರತೆಯನ್ನು ಎರಡೂ ಬದಿಗೆ ತುಂಬಿದರೆ, ಹತ್ತು ಎಂಬುದು ನಾಲ್ಕು ಮತ್ತು ಆ ವಸ್ತುವಿಗೆ ಸಮ. ಇದು ಜಬ್ರ್. ಈಗ ಎರಡೂ ಬದಿಯಿಂದ ನಾಲ್ಕನ್ನು ಕಳೆದು ಸರಿದೂಗಿಸಿದರೆ ವಸ್ತು ಆರು. ಇದು ಮುಕಾಬಲ. ನಮ್ಮ ಮಕ್ಕಳು ಎಂಟನೇ ತರಗತಿಯಲ್ಲಿ ಬರೆಯುವ 'ಎಕ್ಸ್' ಇದೇ 'ಶೈಅ್'.

ಖ್ವಾರಿಝ್ಮೀ ಈ ಗ್ರಂಥವನ್ನು ಬರೆದದ್ದು ಏಕೆ? ಜನರಿಗೆ ವಾರಸು ಹಂಚಿಕೆ, ವಸಿಯ್ಯತ್, ವ್ಯಾಜ್ಯ, ವ್ಯಾಪಾರ, ಜಮೀನಿನ ಅಳತೆ, ಕಾಲುವೆ ತೋಡುವುದು ಮುಂತಾದವುಗಳಲ್ಲಿ ಅಗತ್ಯವಾಗುವ ಲೆಕ್ಕವನ್ನು ಕಲಿಸಲು ಎಂದು ಅವರೇ ಮುನ್ನುಡಿಯಲ್ಲಿ ಹೇಳಿಕೊಂಡಿದ್ದಾರೆ. ಗ್ರಂಥದ ಹೆಚ್ಚುಕಡಿಮೆ ಅರ್ಧ ಭಾಗ ವಸಿಯ್ಯತ್ ಮತ್ತು ವಾರಸಿನ ಲೆಕ್ಕಗಳಿಗೇ ಮೀಸಲು. ಅದರಲ್ಲಿ ಬರುವ ಮನೆಗಳು ನಮ್ಮ ಮನೆಗಳಂಥವೇ.

ಒಂದು ಲೆಕ್ಕ ಹೀಗಿದೆ. ಒಬ್ಬ ತೀರಿಕೊಂಡಿದ್ದಾನೆ. ಇಬ್ಬರು ಗಂಡು ಮಕ್ಕಳು. ಸೊತ್ತಿನ ಮೂರನೇ ಒಂದು ಪಾಲನ್ನು ಹೊರಗಿನವನೊಬ್ಬನಿಗೆ ವಸಿಯ್ಯತ್ ಮಾಡಿದ್ದಾನೆ. ಬಿಟ್ಟುಹೋದ ನಗದು ಹತ್ತು ದಿರ್ಹಮ್. ಮಕ್ಕಳಲ್ಲಿ ಒಬ್ಬ ತಂದೆಯಿಂದ ಹತ್ತು ದಿರ್ಹಮ್ ಸಾಲ ಪಡೆದಿದ್ದಾನೆ, ಅದಿನ್ನೂ ತೀರಿಲ್ಲ. ಈಗ ಯಾರಿಗೆ ಎಷ್ಟು?

ಸಾಲ ಮಾಡಿದ ಮಗನಿಗೆ ಕೈಗೆ ಹಣ ಕೊಡುವಂತಿಲ್ಲ. ಅವನ ಪಾಲನ್ನು ಅವನ ಸಾಲದಲ್ಲಿಯೇ ಮುರಿದುಕೊಳ್ಳಬೇಕು. ಆದರೆ ಅವನ ಪಾಲು ಎಷ್ಟೆಂದು ಗೊತ್ತಾಗದೆ ಹಂಚಬೇಕಾದ ಒಟ್ಟು ಸೊತ್ತು ಗೊತ್ತಾಗದು. ಒಟ್ಟು ಸೊತ್ತು ಗೊತ್ತಾಗದೆ ಅವನ ಪಾಲು ಗೊತ್ತಾಗದು. ಖ್ವಾರಿಝ್ಮೀ ಆ ಪಾಲನ್ನೇ 'ವಸ್ತು' ಎಂದಿಟ್ಟುಕೊಂಡರು. ಒಟ್ಟು ಸೊತ್ತು ಹತ್ತು ಮತ್ತು ಒಂದು ವಸ್ತು. ಮೂರನೇ ಒಂದು ವಸಿಯ್ಯತ್‌ಗೆ ಹೋದರೆ ಉಳಿದ ಎರಡು ಪಾಲು ಇಬ್ಬರು ಮಕ್ಕಳಿಗೆ. ಅಂದರೆ ಮೂವರಿಗೂ ಸಮಪಾಲು. ಹಾಗಾದರೆ ಮೂರು ವಸ್ತುಗಳು ಸೇರಿದರೆ ಹತ್ತು ಮತ್ತು ಒಂದು ವಸ್ತುವಿಗೆ ಸಮ. ಎರಡೂ ಕಡೆ ಒಂದು ವಸ್ತುವನ್ನು ಕಳೆಯಿರಿ: ಎರಡು ವಸ್ತು ಹತ್ತಕ್ಕೆ ಸಮ, ಒಂದು ವಸ್ತು ಐದು. ನಗದಿನ ಹತ್ತರಲ್ಲಿ ಐದು ಹೊರಗಿನವನಿಗೆ, ಐದು ಇನ್ನೊಬ್ಬ ಮಗನಿಗೆ. ಸಾಲಗಾರ ಮಗನ ಐದು ಅವನ ಸಾಲದಲ್ಲಿ ವಜಾ.

ತಂದೆಯಿಂದ ಹಣ ಪಡೆದು ಹಿಂದಿರುಗಿಸದ ಅಣ್ಣ, ಅದನ್ನು ಮನಸ್ಸಿನಲ್ಲಿಟ್ಟುಕೊಂಡಿರುವ ತಮ್ಮ. ಇಂಥ ಮನೆ ಯಾವ ಊರಲ್ಲಿಲ್ಲ? ಇಂಥ ಕಡೆ ಸಾಮಾನ್ಯವಾಗಿ ಮಾತು ಬೆಳೆಯುತ್ತದೆ, ಸಂಬಂಧ ಮುರಿಯುತ್ತದೆ. ಖ್ವಾರಿಝ್ಮೀ ಅಲ್ಲಿ ಕೂತು ಲೆಕ್ಕ ಮಾಡಿದರು. ಮೂಳೆ ಕೂಡಿಸುವ ಆ ಪದ ಈ ಗಣಿತಕ್ಕೆ ಎಷ್ಟು ಚೆನ್ನಾಗಿ ಒಪ್ಪುತ್ತದೆ!

ಮಾನ್ಯಖೇಟದ ಕಡೆಗೂ ಒಂದು ನೋಟ

ಈ ಜ್ಞಾನವೆಲ್ಲ ಅರಬರು ಒಬ್ಬರೇ ಕಟ್ಟಿದ್ದೆಂದು ಹೇಳಿಕೊಂಡರೆ ಅದು ಸತ್ಯಕ್ಕೆ ಅಪಚಾರ. ಭಾರತದ ಬ್ರಹ್ಮಗುಪ್ತ 628ರಲ್ಲಿ ರಚಿಸಿದ ಗ್ರಂಥದ ಖಗೋಳಜ್ಞಾನ ಖಲೀಫ ಮನ್ಸೂರ್‌ನ ಕಾಲದಲ್ಲಿ ಬಗ್ದಾದ್ ತಲುಪಿತ್ತು. ಭಾರತೀಯ ಅಂಕಿಗಳಿಂದ, ಅಂದರೆ ಒಂದರಿಂದ ಒಂಬತ್ತು ಮತ್ತು ಸೊನ್ನೆಯಿಂದ ಲೆಕ್ಕ ಮಾಡುವ ವಿಧಾನವನ್ನು ವಿವರಿಸಿ ಖ್ವಾರಿಝ್ಮೀ ಇನ್ನೊಂದು ಗ್ರಂಥವನ್ನೇ ಬರೆದರು. ಅದು ಭಾರತದವರದು ಎಂಬುದನ್ನು ಅವರು ಮುಚ್ಚಿಡಲಿಲ್ಲ. ಕಂಪ್ಯೂಟರ್‌ನವರು ಇಂದು ಬಳಸುವ 'ಅಲ್ಗಾರಿದಮ್' ಎಂಬ ಪದ ಅವರ ಹೆಸರಿನದೇ ಲ್ಯಾಟಿನ್ ರೂಪ.

ಅದೇ ಶತಮಾನದಲ್ಲಿ ನಮ್ಮ ಈಗಿನ ಕಲಬುರಗಿ ಜಿಲ್ಲೆಯ ಮಳಖೇಡ, ಅಂದಿನ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿಯಾಗಿತ್ತು. ಕನ್ನಡದ ಮೊದಲ ಉಪಲಬ್ಧ ಗ್ರಂಥ 'ಕವಿರಾಜಮಾರ್ಗ' ಬಂದದ್ದು ಅಮೋಘವರ್ಷ ನೃಪತುಂಗನ ಈ ಆಸ್ಥಾನದಿಂದಲೇ. 851ರ ಸುಮಾರಿನ ಅರಬ್ ವ್ಯಾಪಾರಿಗಳ ವೃತ್ತಾಂತ ರಾಷ್ಟ್ರಕೂಟ ಅರಸನನ್ನು 'ಬಲ್ಹರಾ' ಎಂದು ಕರೆದು, ಲೋಕದ ನಾಲ್ವರು ದೊಡ್ಡ ರಾಜರ ಸಾಲಿನಲ್ಲಿ ಎಣಿಸಿದೆ. ಅವನ ರಾಜ್ಯದಲ್ಲಿ ಮುಸ್ಲಿಮರಿಗೆ ಗೌರವವಿತ್ತೆಂದು ಮುಂದಿನ ಶತಮಾನದ ಇತಿಹಾಸಕಾರ ಮಸ್‌ಊದಿ ಬರೆದಿದ್ದಾರೆ.

ಅಮೋಘವರ್ಷನ ಕಾಲದಲ್ಲಿ ಬಾಳಿದ ಜೈನ ಗಣಿತಜ್ಞ ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ' ಎಂಬ ಸಂಸ್ಕೃತ ಗ್ರಂಥ ಬರೆದರು. ಗಣಿತ ಎಲ್ಲೆಲ್ಲಿ ಬೇಕು ಎಂದು ಅದರ ಆರಂಭದಲ್ಲಿ ಅವರು ಕೊಡುವ ಪಟ್ಟಿ ಉದ್ದವಾದದ್ದು. ವ್ಯವಹಾರ, ಸಂಗೀತ, ನಾಟಕ, ಅಡುಗೆ, ವೈದ್ಯ, ವಾಸ್ತು, ಛಂದಸ್ಸು, ವ್ಯಾಕರಣ ಎಲ್ಲವೂ ಅದರಲ್ಲಿವೆ. ಬಗ್ದಾದಿನ ಮುಸ್ಲಿಮ್ ವಿದ್ವಾಂಸ ಗಣಿತವನ್ನು ವಾರಸುದಾರರ ನಡುವೆ ಕಂಡರೆ, ಕನ್ನಡ ನಾಡಿನ ಜೈನ ವಿದ್ವಾಂಸ ಅದನ್ನು ಅಡುಗೆಮನೆಯಲ್ಲೂ ಹಾಡಿನಲ್ಲೂ ಕಂಡರು. ಕನ್ನಡ ಮಾತನಾಡುವ ಮುಸ್ಲಿಮರಾದ ನಮಗೆ ಈ ಎರಡೂ ಪರಂಪರೆ ನಮ್ಮವೇ.

ಕುಶಲಕರ್ಮಿಯ ಚೌಕ, ಅನಾಥ ಬಾಲಕನ ಗಡಿಯಾರ

ಕಲೆಯ ವಿಷಯದಲ್ಲಿಯೂ ಹೀಗೆಯೇ. ಮಸೀದಿಗಳ ಗೋಡೆಯ ಮೇಲೆ ಒಂದರೊಳಗೊಂದು ಹೆಣೆದುಕೊಂಡ ನಕ್ಷತ್ರ, ಷಟ್ಕೋನಗಳ ವಿನ್ಯಾಸವನ್ನು ನೋಡಿದ್ದೇವೆ. ಹತ್ತನೇ ಶತಮಾನದ ಬಗ್ದಾದಿನಲ್ಲಿ ಅಬುಲ್ ವಫಾ ಬೂಝ್ಜಾನೀ (940-998) ಎಂಬ ಗಣಿತಜ್ಞರು ಕುಶಲಕರ್ಮಿಗಳಿಗೆ ಬೇಕಾದ ರೇಖಾಗಣಿತದ ಬಗ್ಗೆ ಒಂದು ಗ್ರಂಥ ಬರೆದರು. ಗಣಿತಜ್ಞರೂ ಕುಶಲಕರ್ಮಿಗಳೂ ಒಟ್ಟಿಗೆ ಕೂತು ಚರ್ಚಿಸಿದ ಸಭೆಯ ಪ್ರಸ್ತಾಪ ಅದರಲ್ಲಿದೆ. ಒಂದೇ ಅಳತೆಯ ಮೂರು ಚೌಕಗಳನ್ನು ಕತ್ತರಿಸಿ ಒಂದೇ ದೊಡ್ಡ ಚೌಕ ಮಾಡುವುದು ಹೇಗೆ ಎಂಬುದು ಅಲ್ಲಿನ ಪ್ರಶ್ನೆ. ಕುಶಲಕರ್ಮಿಗಳು ತೋರಿಸಿದ ಕೆಲವು ವಿಧಾನಗಳು ಕಣ್ಣಿಗೆ ಸರಿ ಕಂಡರೂ ಅಳತೆಯಲ್ಲಿ ತಪ್ಪಿದ್ದವು. ಗಣಿತಜ್ಞರಿಗೆ ಸಿದ್ಧಾಂತ ಗೊತ್ತಿತ್ತು, ಕತ್ತರಿ ಹಿಡಿಯಲು ಗೊತ್ತಿರಲಿಲ್ಲ. ಬೂಝ್ಜಾನೀ ಎರಡು ಚೌಕಗಳನ್ನು ಕರ್ಣದ ಗುಂಟ ಕತ್ತರಿಸಿ ನಾಲ್ಕು ತ್ರಿಕೋನ ಮಾಡಿದರು. ಅವನ್ನು ಮೂರನೇ ಚೌಕದ ಸುತ್ತ ಗಿರಗಟ್ಟಲೆಯ ರೆಕ್ಕೆಗಳಂತೆ ಇಟ್ಟು, ಹೊರಗೆ ಚಾಚಿದ ತುಣುಕುಗಳನ್ನು ಕತ್ತರಿಸಿ ಖಾಲಿ ಜಾಗಕ್ಕೆ ತುಂಬಿದರು. ಚೌಕ ಸರಿಯಾಗಿ ಕೂಡಿತು. ಬಣ್ಣದ ಕಾಗದ ಮತ್ತು ಕತ್ತರಿ ಇದ್ದರೆ ಮಕ್ಕಳು ಇದನ್ನು ಮನೆಯಲ್ಲೇ ಮಾಡಿ ನೋಡಬಹುದು. ಬೀದರ್‌ನಲ್ಲಿ 1472ರಲ್ಲಿ ಕಟ್ಟಿದ ಮಹಮೂದ್ ಗವಾನ್ ಮದ್ರಸಾದ ಗೋಡೆಗಳಲ್ಲಿ ಉಳಿದಿರುವ ಬಣ್ಣದ ಹೆಂಚುಗಳ ಮುಂದೆ ನಿಂತಾಗ, ಇಂಥ ಕೈಲೆಕ್ಕವೊಂದು ಅದರ ಹಿಂದಿದೆ ಎಂಬುದು ನೆನಪಿರಲಿ.

ದಮಾಸ್ಕಸ್‌ನಲ್ಲಿ ಹದಿನಾಲ್ಕನೇ ಶತಮಾನದಲ್ಲಿ ಒಬ್ಬ ಬಾಲಕ ಎಳವೆಯಲ್ಲೇ ತಂದೆಯನ್ನು ಕಳೆದುಕೊಂಡ. ಹೊಟ್ಟೆಪಾಡಿಗೆ ದಂತದ ಕೆತ್ತನೆ ಕೂರಿಸುವ ಕೆಲಸ ಕಲಿತ. ಮುಂದೆ ಖಗೋಳಶಾಸ್ತ್ರ ಕಲಿತು ಉಮಯ್ಯದ್ ಮಸೀದಿಯ ಮುಖ್ಯ ಮುವಕ್ಕಿತ್, ಅಂದರೆ ನಮಾಝಿನ ಸಮಯ ನಿರ್ಣಯಿಸುವ ಅಧಿಕಾರಿಯಾದ. ಅವರೇ ಇಬ್ನು ಶ್ಶಾತಿರ್. 1371ರಲ್ಲಿ ಅವರು ಆ ಮಸೀದಿಯ ಮಿನಾರಿಗೆ ಅಮೃತಶಿಲೆಯ ನೆರಳು ಗಡಿಯಾರವೊಂದನ್ನು ಮಾಡಿಕೊಟ್ಟರು. ನೆರಳಿನ ಉದ್ದದಿಂದ ಅಸ್ರ್ ಸಮಯ ತಿಳಿಯುವುದು ನಮ್ಮ ಅಜ್ಜಂದಿರಿಗೂ ಗೊತ್ತಿದ್ದ ವಿದ್ಯೆ. ಇಬ್ನು ಶ್ಶಾತಿರ್ ಅದನ್ನು ಕಲ್ಲಿನ ಮೇಲೆ ಗೆರೆ ಗೆರೆಯಾಗಿ ಕೆತ್ತಿದರು. ದಂತದ ಕೆಲಸ ಕಲಿತ ಬೆರಳು, ಗ್ರಹಗಳ ಚಲನೆ ಕಲಿತ ಬುದ್ಧಿ, ಅಝಾನ್‌ನ ಹೊಣೆ ಹೊತ್ತ ಮನಸ್ಸು, ಮೂರೂ ಒಬ್ಬರಲ್ಲೇ ಇದ್ದವು.

ಎರಡಾಗಿ ಹರಿದ ಪುಸ್ತಕ

ಮತ್ತೆ ಖ್ವಾರಿಝ್ಮೀಯ ಪುಸ್ತಕಕ್ಕೆ ಬರೋಣ. 1145ರಲ್ಲಿ ಸ್ಪೇನಿನಲ್ಲಿ ಚೆಸ್ಟರ್‌ನ ರಾಬರ್ಟ್ ಎಂಬ ವಿದ್ವಾಂಸ ಅದನ್ನು ಲ್ಯಾಟಿನ್‌ಗೆ ಅನುವಾದಿಸಿದರು. ಯುರೋಪ್ ಬೀಜಗಣಿತ ಕಲಿತದ್ದು ಆ ದಾರಿಯಿಂದ. ಆದರೆ ಆ ಅನುವಾದದಲ್ಲಿ ವಸಿಯ್ಯತ್ ಮತ್ತು ವಾರಸಿನ ಭಾಗ ಇರಲಿಲ್ಲ. ಅವರ ಕಾನೂನು ಬೇರೆ, ಅವರಿಗೆ ಅದು ಬೇಕಾಗಿರಲಿಲ್ಲ. ಅವರು ಸಮೀಕರಣವನ್ನು ತೆಗೆದುಕೊಂಡರು, ಮನೆಯನ್ನು ಬಿಟ್ಟರು.

ನಾವೇನು ಮಾಡಿದೆವು? ವಾರಸಿನ ನಿಯಮಗಳನ್ನು ಮದ್ರಸಾದ ಫಿಕ್‌ಹ್ ಪಾಠಕ್ಕೆ ಬಿಟ್ಟೆವು, ಬೀಜಗಣಿತವನ್ನು ಶಾಲೆಯ ಪರೀಕ್ಷೆಗೆ ಬಿಟ್ಟೆವು. ಫರಾಇಝ್ ಕಲಿತ ವಿದ್ಯಾರ್ಥಿಗೆ ಸಮೀಕರಣ ಗೊತ್ತಿಲ್ಲ. ಸಮೀಕರಣ ಬಿಡಿಸುವ ನಮ್ಮ ಮಗಳಿಗೆ ಅದು ತನ್ನ ಪಾಲಿನ ಲೆಕ್ಕವೆಂದು ಯಾರೂ ಹೇಳಿಲ್ಲ. ಹೀಗಾಗಿ ಮನೆಯಲ್ಲಿ ಸಾವಾದಾಗ ಲೆಕ್ಕವೇ ನಡೆಯುವುದಿಲ್ಲ.

ನಡೆಯುವುದು ಏನು ಎಂಬುದು ಎಲ್ಲರಿಗೂ ಗೊತ್ತು. ತಂದೆಯ ನಲವತ್ತು ದಿನ ಕಳೆಯುವ ಮೊದಲೇ ಅಣ್ಣ ತಮ್ಮಂದಿರು ಕಾಗದ ಸಿದ್ಧ ಮಾಡಿರುತ್ತಾರೆ. ಸಹೋದರಿಯರನ್ನು ಊಟಕ್ಕೆ ಕರೆದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. ನಿನ್ನ ಮದುವೆಗೆ ಅಷ್ಟು ಖರ್ಚಾಗಿದೆಯಲ್ಲ ಎನ್ನುತ್ತಾರೆ. ತವರಿನ ಬಾಗಿಲು ಮುಚ್ಚಿಹೋದೀತೆಂಬ ಭಯದಿಂದ ಅವಳು ಸಹಿ ಹಾಕುತ್ತಾಳೆ. ಅದನ್ನು ನಾವು ಸಂತೋಷದಿಂದ ಬಿಟ್ಟುಕೊಟ್ಟಳು ಎನ್ನುತ್ತೇವೆ. ಪಾಲು ಎಷ್ಟೆಂದು ತಿಳಿಸಿ, ಅದನ್ನು ಕೈಗೆ ಕೊಟ್ಟ ಮೇಲೆ ಅವಳು ತಾನಾಗಿ ಬಿಟ್ಟುಕೊಟ್ಟರೆ ಅದು ಉಡುಗೊರೆ. ಎಷ್ಟೆಂದೇ ತಿಳಿಸದೆ ಬರೆಸಿಕೊಂಡರೆ ಅದು ಸಅದ್(ರ)ರ ಮನೆಯಲ್ಲಿ ಆ ಚಿಕ್ಕಪ್ಪ ಮಾಡಿದ ಕೆಲಸವೇ.

ಲೆಕ್ಕ ಅಷ್ಟು ಕಷ್ಟವೂ ಅಲ್ಲ. ಮೊದಲು ದಫನ ಕಾರ್ಯದ ಖರ್ಚು. ನಂತರ ಸಾಲ, ಹೆಂಡತಿಗೆ ಕೊಡದೆ ಉಳಿದ ಮಹ್ರ್ ಕೂಡ ಸಾಲವೇ. ಆಮೇಲೆ ವಸಿಯ್ಯತ್ ಇದ್ದರೆ ಉಳಿದದ್ದರ ಮೂರನೇ ಒಂದು ಪಾಲಿನ ಮಿತಿಯಲ್ಲಿ. ಸಅದ್ ಬಿನ್ ಅಬೀ ವಕ್ಕಾಸ್(ರ)ರು ಕಾಯಿಲೆಯಲ್ಲಿ ಮೂರರಲ್ಲಿ ಎರಡು ಪಾಲು ದಾನ ಮಾಡಲು ಬಯಸಿದಾಗ ಪ್ರವಾದಿ(ಸ) ಅದನ್ನು ಒಂದು ಪಾಲಿಗೆ ಇಳಿಸಿದರು, ಅದೂ ಹೆಚ್ಚೇ ಎಂದರು; ವಾರಸುದಾರರು ಇನ್ನೊಬ್ಬರ ಮುಂದೆ ಕೈಚಾಚುವಂತೆ ಆಗಬಾರದು. ಇಷ್ಟಾದ ಮೇಲೆ ಉಳಿದದ್ದನ್ನು ಹಂಚಬೇಕು. ಉದಾಹರಣೆಗೆ, ತಂದೆತಾಯಿ ಮೊದಲೇ ತೀರಿಕೊಂಡ ಒಬ್ಬನು ಹೆಂಡತಿ, ಒಬ್ಬ ಮಗ, ಇಬ್ಬರು ಹೆಣ್ಣು ಮಕ್ಕಳನ್ನು ಬಿಟ್ಟುಹೋದನು ಎನ್ನೋಣ. ಉಳಿದ ಸೊತ್ತು 32 ಲಕ್ಷ. ಹೆಂಡತಿಗೆ ಎಂಟನೇ ಒಂದು, 4 ಲಕ್ಷ. ಮಿಕ್ಕ 28 ಲಕ್ಷದಲ್ಲಿ ಮಗನಿಗೆ ಎರಡು ಭಾಗ, ಹೆಣ್ಣು ಮಕ್ಕಳಿಗೆ ಒಂದೊಂದು ಭಾಗ; ಮಗನಿಗೆ 14, ಹೆಣ್ಣು ಮಕ್ಕಳಿಗೆ ತಲಾ 7 ಲಕ್ಷ. ವಾರಸುದಾರರು ಬೇರೆಯಾದರೆ ಲೆಕ್ಕವೂ ಬೇರೆಯಾಗುತ್ತದೆ. ಅದಕ್ಕೆ ಬಲ್ಲ ಆಲಿಮರನ್ನೂ, ಕಾಗದಪತ್ರಕ್ಕೆ ವಕೀಲರನ್ನೂ ಕೇಳಿ.

ಈ ಶುಕ್ರವಾರ ಜುಮುಅದಿಂದ ಬಂದು ಊಟವಾದ ಮೇಲೆ, ಎಂಟನೇ ತರಗತಿಯ ಮಗನನ್ನೋ ಮಗಳನ್ನೋ ಕರೆದು ಕಾಗದ ಪೆನ್ಸಿಲ್ ಕೊಡಿ. ಅಲೀ(ರ) ಮಿಂಬರ್ ಮೇಲೆ ಬಿಡಿಸಿದ ಲೆಕ್ಕವನ್ನು ಬಿಡಿಸಲು ಹೇಳಿ. 27 ಎಂಬ ಉತ್ತರ ಬಂದಾಗ ಮಗು ತಪ್ಪಾಯಿತೆಂದು ಅಳಿಸಲು ಹೊರಟರೆ ತಡೆಯಿರಿ, ಕಥೆ ಹೇಳಿ. ಬಳಿಕ ಕಾಗದದ ಮತ್ತೊಂದು ಬದಿಯಲ್ಲಿ ನಿಮ್ಮ ತಂದೆಯ ಸೊತ್ತು ಹಂಚಿಕೆಯಾದ ಬಗೆಯನ್ನು ನೀವೇ ಬರೆದು ನೋಡಿ. ಸಹೋದರಿಯ ಹೆಸರಿನ ಮುಂದೆ ಏನಿದೆ?

ಅಲ್ಲಿ ಏನೂ ಇಲ್ಲದಿದ್ದರೆ, ಅದನ್ನು ತುಂಬಲು ಇನ್ನೂ ಸಮಯವಿದೆ. ಕೊರತೆಯನ್ನು ತುಂಬುವುದಕ್ಕೇ 'ಜಬ್ರ್' ಎನ್ನುವುದು. ಆ ಲೆಕ್ಕವನ್ನು ನಾವು ಬದುಕಿರುವಾಗಲೇ ಮಾಡಿ ಮುಗಿಸಲು ಅಲ್ಲಾಹನು ನಮಗೆಲ್ಲ ಅನುಗ್ರಹಿಸಲಿ. ಆಮೀನ್.